ಸೊಸೈಟಿ ಬೇಳೆ, ಮೈಸೂರು ಚೀಲ

ನಮ್ಮ ತಂಗಿ ಮಗಳು ಸಿಂಧು ಶ್ರೀರಂಗಪಟ್ಟಣದಲ್ಲಿ ಹೆದ್ದಾರಿ ಪಕ್ಕ ಹೊಸದಾಗಿ ತೆರೆದ ಎ.ಸಿ. ದಿನಸಿ ಮಳಿಗೆಗೆ ಕೆಲಸಕ್ಕೆ ಸೇರಿದ್ದಾಳೆ. ಮೂರು ದಿನ ತರಬೇತಿ ಕೊಟ್ಟರಂತೆ. ಗಿರಾಕಿ ಕಂಡ ಕೂಡಲೇ ನಗಬೇಕು, ಕೈಕಟ್ಟಿ ನಿಲ್ಲಬಾರದು, ಏನು ಬೇಕು ಅಂತ ಎರಡು ಸಲಕ್ಕಿಂತ ಹೆಚ್ಚು ಕೇಳಬಾರದು. ಮೊನ್ನೆ ಭಾನುವಾರ ಮನೆಗೆ ಬಂದವಳು, ನೀನು ಮೂವತ್ತಾರು ವರ್ಷ ಕೌಂಟರಿನಲ್ಲಿ ನಿಂತವಳಲ್ಲವಾ ದೊಡ್ಡಮ್ಮ, ಗಿರಾಕಿ ಬಂದರೆ ಮೊದಲು ಏನು ನೋಡುತ್ತಿದ್ದೆ ಎಂದು ಕೇಳಿದಳು. ಚೀಲ ನೋಡುತ್ತಿದ್ದೆ ಎಂದೆ. ಅವಳು ಕಾಫಿ ಲೋಟ ಕೆಳಗಿಟ್ಟು ನಕ್ಕಳು. ನನಗೆ ಸಿಟ್ಟು ಬಂತು. ನಗುವುದಕ್ಕೆ ಮೂರು ದಿನ ತರಬೇತಿ ಕೊಡುತ್ತಾರೆ, ಚೀಲ ನೋಡುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಪಾಲಹಳ್ಳಿಯ ಹುಡುಗಿ, ಪಾಂಡವಪುರದ ಸೊಸೆ. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾದ ಮರುವರ್ಷವೇ ಒಂದು ಸಹಕಾರಿ ಸಂಸ್ಥೆಯ ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿದೆ. ಜನರ ಬಾಯಲ್ಲಿ ಅದು ಬರೀ ಸೊಸೈಟಿ. ಬಡ್ತಿ ಯಾವಾಗ ಬಂತು, ಸಂಬಳ ಎಷ್ಟಾಯಿತು ಅಂತ ಬರೆದರೆ ಓದುವವರಿಗೆ ಆಕಳಿಕೆ ಬರುತ್ತದೆ, ಅದನ್ನು ಬಿಟ್ಟುಬಿಡುತ್ತೇನೆ. ಬೇಳೆ ಎಲ್ಲರ ಮನೆಯಲ್ಲೂ ಬೇಯುತ್ತದೆ. ಆದರೆ ಅದನ್ನು ಎಲ್ಲಿಂದ ತಂದಿರಿ ಎಂದು ಕೇಳಿದ ಕೂಡಲೇ ಅರ್ಧ ಊರಿಗೆ ಜಂಬ ಬರುತ್ತದೆ, ಇನ್ನರ್ಧಕ್ಕೆ ನಾಚಿಕೆ ಬರುತ್ತದೆ. ಈ ಜಂಬ ನಾಚಿಕೆಗಳ ದೆಸೆಯಿಂದ ಬೂಕನಕೆರೆಯ ನಮ್ಮ ಅಂಗಡಿ ಮುಚ್ಚುವುದರಲ್ಲಿತ್ತು. ಅದು ಮುಚ್ಚಿದ್ದರೆ ನಾನೂ ಇನ್ನಿಬ್ಬರೂ ಮನೆಗೆ ಹೋಗಬೇಕಿತ್ತು. ನಾನು ಹೇಳಹೊರಟಿರುವುದು ಆ ಅಂಗಡಿಯ ಕಥೆ. ಅದಕ್ಕೆ ಮುಂಚೆ ಕಸುಬಿನ ನಾಲ್ಕು ಮಾತು.

ಮೊದಲ ಮೇಲಧಿಕಾರಿ ಪಾಂಡವಪುರದ ಮ್ಯಾನೇಜರು ಚಿಕ್ಕಣ್ಣನವರು. ಪೊಟ್ಟಣ ಸಡಿಲವಾಗಿದ್ದರೆ ಮೇಜಿನ ಮೇಲಿಂದ ಕೆಳಗೆ ಬೀಳಿಸಿ ತೋರಿಸುವರು. ಚೆಲ್ಲಿದ ಸಾಸಿವೆಯನ್ನು ನಾನೇ ಆಯಬೇಕು. ಸಾಸಿವೆ ಆಯ್ದು ನೋಡಿ ಒಂದು ಸಲ, ಪೊಟ್ಟಣ ಕಟ್ಟುವುದು ತಾನೇ ಬರುತ್ತದೆ. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೂ ಒಂದು ಚಿಟಿಕೆ ಹಾಕು ಎನ್ನುವರು. ಆ ಚಿಟಿಕೆ ಗಿರಾಕಿಯ ಕಣ್ಣಿಗೆ ಬೀಳಬೇಕು, ಅದೇ ಅವರನ್ನು ಮುಂದಿನ ತಿಂಗಳು ಕರೆದುಕೊಂಡು ಬರುವುದು ಎಂಬುದು ಅವರ ಲೆಕ್ಕ.

ಅವರು ನನ್ನ ಕೈಗೆ ಕಲಿಸಿದ ಇನ್ನೊಂದು ಅಭ್ಯಾಸ ಚೀಟಿ. ಮೂಟೆಗಟ್ಟಲೆ ಸಾಮಾನು ಹೋಗುವಾಗ, ಬಾಯಿ ಹೊಲಿಯುವ ಮುಂಚೆ ಒಳಗೊಂದು ಅಂಗೈಯಗಲದ ಚೀಟಿ ಹಾಕಬೇಕು. ತೂಗಿದವರ ಹೆಸರು, ಶಾಖೆಯ ಹೆಸರು, ಅಷ್ಟೇ. ತೂಕ ಕಮ್ಮಿ ಬಂತು, ಹುಳ ಬಂತು ಎಂದು ದೂರು ಬಂದರೆ ಯಾರ ಕಿವಿ ಹಿಂಡಬೇಕು ಎಂದು ಗೊತ್ತಾಗಲಿ ಅಂತ. ನಮ್ಮ ಸಂಸ್ಥೆಯ ಎಲ್ಲ ಅಂಗಡಿಗಳಲ್ಲೂ ಇದೇ ಪದ್ಧತಿ. ನಿದ್ದೆಗಣ್ಣಲ್ಲಿ ಮೂಟೆ ಹೊಲಿದರೂ ಕೈ ತಾನಾಗಿ ಚೀಟಿ ಹಾಕಬೇಕು ಎನ್ನುತ್ತಿದ್ದರು. ನನ್ನ ಕೈ ಹಾಗೇ ಪಳಗಿತು.

ಇನ್ನು ಚೀಲದ ವಿಷಯ. ಪಾಂಡವಪುರದಲ್ಲಿ ಮೊದಲ ವರ್ಷದಲ್ಲೇ ನನಗೆ ಗೊತ್ತಾಯಿತು, ಕೂಲಿಯವರು ಬಟ್ಟೆಯ ಕೈಚೀಲ ಹಿಡಿದು ಮುಂದಿನ ಬಾಗಿಲಿಂದಲೇ ಬರುತ್ತಾರೆ, ಎರಡು ಮಾತಾಡುತ್ತಾರೆ, ಹೋಗುತ್ತಾರೆ. ಗುಮಾಸ್ತರ ಮನೆಯವರು ವಯರು ಬುಟ್ಟಿ ತಂದು ಮೇಲೊಂದು ಟವೆಲ್ಲು ಮುಚ್ಚಿಕೊಂಡು ಹೋಗುತ್ತಾರೆ. ಅದಕ್ಕಿಂತ ಮೇಲಿನವರು ಮೈಸೂರಿನ ಯಾವುದಾದರೂ ದೊಡ್ಡ ಅಂಗಡಿಯ ಹೆಸರಿರುವ ಚೀಲವನ್ನು ನಾಲ್ಕು ಮಡಿಕೆ ಮಡಚಿ ಪರ್ಸಿನಲ್ಲಿಟ್ಟುಕೊಂಡು ಬರುತ್ತಾರೆ. ಸಾಮಾನು ನಮ್ಮದು, ಹೆಸರು ಅಲ್ಲಿಯದು. ನಾನು ಮಾತಾಡದೆ ತುಂಬಿಕೊಡುತ್ತಿದ್ದೆ. ಕೆಲವರು ಚೀಲ ಮರೆತು ಬಂದು ಒದ್ದಾಡುವುದನ್ನು ನೋಡಲಾರದೆ, ಅಂಥ ಚೀಲಗಳ ಒಂದು ಕಟ್ಟನ್ನು ಗಲ್ಲಾದ ಕೆಳಗೆ ನಾನೇ ಇಟ್ಟುಕೊಂಡಿದ್ದೆ.

ಮಾತಾಡದೆ ಎಂದೆ. ಆ ಬುದ್ಧಿ ಬಂದದ್ದು ಒಂದು ಎಡವಟ್ಟಿನಿಂದ. ಹೈಸ್ಕೂಲು ಹೆಡ್‌ಮಾಸ್ತರ ಹೆಂಡತಿ ಒಬ್ಬರಿದ್ದರು. ಪ್ರತಿ ತಿಂಗಳ ಮೊದಲ ವಾರ ಬರುವರು, ಪಟ್ಟಿ ಚಾಚುವರು, ಇದೆಲ್ಲ ನಮ್ಮ ಕೆಲಸದವಳಿಗೆ ಕಣಮ್ಮ, ಪಾಪ, ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳುವರು. ತೊಗರಿಬೇಳೆ, ಹುರಿಗಡಲೆ, ರವೆ, ಒಣದ್ರಾಕ್ಷಿ ಕೂಡ. ಎಂಥ ಪುಣ್ಯಾತಗಿತ್ತಿ ಅಂದುಕೊಂಡು ನಾನು ಎರಡು ಚಿಟಿಕೆ ಜಾಸ್ತಿಯೇ ಹಾಕುತ್ತಿದ್ದೆ. ಒಂದು ದಿನ ಅವರ ಮನೆಯ ಕೆಲಸದ ಪುಟ್ಟಮ್ಮ ಸೋಪಿನ ಪುಡಿಗೆ ಬಂದಳು. ನಾನು ಸುಮ್ಮನಿರಬಾರದಿತ್ತೇ. ನಿಮ್ಮ ಅಮ್ಮೋರದು ದೊಡ್ಡ ಮನಸ್ಸು ಕಣೇ, ತಿಂಗಳು ತಿಂಗಳು ನಿನಗೆ ದ್ರಾಕ್ಷಿಯವರೆಗೂ ಕೊಂಡುಹೋಗುತ್ತಾರೆ ಎಂದೆ. ಪುಟ್ಟಮ್ಮ ಕಣ್ಣು ಬಿಟ್ಟುಕೊಂಡು ನಿಂತಳು.

"ನಂಗಾ? ದ್ರಾಕ್ಸಿನಾ? ನಾನು ಅವರ ಮನೇಲಿ ತಂಗಳಿಟ್ಟು ಬುಟ್ರೆ ಇನ್ನೇನೂ ಕಂಡಿಲ್ಲ ಕಣಕ್ಕ."

ಅವಳು ಅಲ್ಲಿಗೇ ಬಿಡಲಿಲ್ಲ, ಹೋಗಿ ದ್ರಾಕ್ಷಿ ಕೇಳಿಯೇಬಿಟ್ಟಳು. ಹೆಡ್‌ಮಾಸ್ತರ ಹೆಂಡತಿ ಮತ್ತೆ ನಮ್ಮ ಅಂಗಡಿಯ ಬೀದಿಗೂ ಕಾಲಿಡಲಿಲ್ಲ. ಚಿಕ್ಕಣ್ಣನವರು ನನ್ನನ್ನು ಕರೆದು ಉಗಿದು ಉಪ್ಪು ಹಾಕಿದರು. ಗಿರಾಕಿ ಯಾರಿಗೆ ಅಂತ ಹೇಳುತ್ತಾರೋ ಅವರಿಗೇ ಅಂತ ನಂಬು, ನಂಬಿ ತೂಗು, ಬಾಯಿ ಮಾತ್ರ ಬಿಡಬೇಡ ಎಂದರು. ಆ ವರ್ಷ ದೀಪಾವಳಿಗೆ ಪುಟ್ಟಮ್ಮನಿಗೆ ಸೀರೆ ಸಿಕ್ಕಿತಂತೆ, ಬಾಯಿ ಮುಚ್ಚಿಸುವುದಕ್ಕೆ. ನನ್ನ ಎಡವಟ್ಟಿನಿಂದ ಒಬ್ಬಳಿಗಾದರೂ ಲಾಭವಾಯಿತು ಅಂತ ಒಳಗೊಳಗೇ ಖುಷಿಪಟ್ಟೆ.

ಆಮೇಲೆ ಕಾಲ ಬದಲಾಯಿತು. ಕಾಗದದ ಪೊಟ್ಟಣ ಹೋಗಿ ಪ್ಲಾಸ್ಟಿಕ್ ಕವರು ಬಂತು, ಕಲ್ಲು ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ತಕ್ಕಡಿ ಬಂತು, ಚಿಟಿಕೆ ಹಾಕಿದರೆ ಅಂಕಿ ಬದಲಾಗಿ ಗಿರಾಕಿಗಿಂತ ನಮಗೇ ಗಾಬರಿ. ಈಗಂತೂ ಗೌರಿ ಹಬ್ಬದ ಬಾಗಿನಕ್ಕೆ ಬೇಕಾದ ಬೇಳೆ ಬೆಲ್ಲವನ್ನೂ ಫೋನಿನಲ್ಲಿ ಒತ್ತಿ ತರಿಸಿಕೊಳ್ಳುತ್ತಾರೆ. ನಿವೃತ್ತಿಗೆ ಮುಂಚೆ ಕೊನೆಯ ಕೆಲವು ವರ್ಷ ನಾನು ಶ್ರೀರಂಗಪಟ್ಟಣದ ಶಾಖೆಯಲ್ಲಿದ್ದೆ. ಎದುರಿಗೇ ಗಾಜಿನ ಬಾಗಿಲಿನ ಅಂಗಡಿ. ಅವರಿಗೂ ನಮಗೂ ಬೇಳೆ ಇಳಿಸುತ್ತಿದ್ದದ್ದು ಒಂದೇ ಲಾರಿ. ಡ್ರೈವರು ಮೊದಲು ನಮ್ಮಲ್ಲಿ ಇಳಿಸಿ, ನಮ್ಮಲ್ಲೇ ಟೀ ಕುಡಿದು, ಆಮೇಲೆ ಅಲ್ಲಿ ಇಳಿಸುವನು. ಗಾಜಿನ ಬಾಗಿಲು ದಾಟಿದ ಕೂಡಲೇ ಅದೇ ಬೇಳೆಗೆ ಒಂದು ಗತ್ತು ಬಂದುಬಿಡುತ್ತಿತ್ತು. ಸಿಂಧು, ನಿನ್ನ ಮಳಿಗೆಯಲ್ಲೂ ಒಂದು ದಿನ ಹಿಂದಿನ ಬಾಗಿಲಿಗೆ ಹೋಗಿ ಲಾರಿ ನೋಡು.

ಈಗ ಬೂಕನಕೆರೆಗೆ ಬರುತ್ತೇನೆ. ಶ್ರೀರಂಗಪಟ್ಟಣಕ್ಕೆ ಮುಂಚೆ ಹನ್ನೊಂದು ವರ್ಷ ಅಲ್ಲಿದ್ದೆ. ದಿನಾ ಬೆಳಿಗ್ಗೆ ಪಾಂಡವಪುರದಿಂದ ಬಸ್ಸು. ಸಣ್ಣ ಅಂಗಡಿ, ನಾವು ಮೂವರೇ. ತೂಕಕ್ಕೆ ನಾನು, ಬಿಲ್ಲಿಗೆ ಸವಿತಾ, ಮೂಟೆ ಎತ್ತಲು ನಿಂಗಣ್ಣ. ಊರಿನ ಅರ್ಧಕ್ಕರ್ಧ ಮನೆಯಲ್ಲಿ ನಮ್ಮ ಸಾಮಾನೇ ಬೇಯುತ್ತಿತ್ತು ಎಂದು ತೂಗುವವಳಾದ ನನಗೆ ಗೊತ್ತು. ಆದರೆ ಊರಿಗೆ ಗೊತ್ತಿರಲಿಲ್ಲ. ಯಾಕೆಂದರೆ ಅನುಕೂಲಸ್ಥರ ಮನೆಯವರು ತಾವು ಬರುತ್ತಿರಲಿಲ್ಲ. ಆಳನ್ನು ಕಳಿಸುವರು, ಇಲ್ಲ ಹಿಂದಿನ ಗೋಡೌನ್ ಬಾಗಿಲಲ್ಲಿ ನಿಂತು ಕೆಮ್ಮುವರು. ಕೆಮ್ಮಿನಿಂದಲೇ ಯಾರ ಮನೆಯವರು ಎಂದು ನಿಂಗಣ್ಣ ಹೇಳಿಬಿಡುತ್ತಿದ್ದ.

ಅವರಲ್ಲಿ ಮೊದಲಿನವರು ದೊಡ್ಡಮನೆಯ ದೇವೀರಮ್ಮ. ಮೂರು ಕಡೆ ಗದ್ದೆ, ಎಂಟು ಹಸು, ಮನೆಯ ಮುಂದೆ ಟ್ರಾಕ್ಟರು. ಅಕ್ಕಿ ರಾಗಿ ಮನೆಯದೇ, ಬೇಳೆ ಬೆಲ್ಲ ಮಾತ್ರ ಕೊಳ್ಳಬೇಕು. ಹಾಲಿನ ಡೈರಿಯ ಹತ್ತಿರ ನಾಲ್ಕು ಜನ ಸೇರಿದ ಕಡೆಯೆಲ್ಲ, ಸೊಸೈಟಿ ಬೇಳೆ ನಮ್ಮನೆ ಒಲೇಲಿ ಬೇಯಾಕಿಲ್ಲ ಕಣವ್ವ, ನಮಗೆ ಮೈಸೂರಿಂದಲೇ ಬರಬೇಕು ಎನ್ನುವರು. ಅವರ ಮನೆಯ ಬೇಳೆಯನ್ನು ಏಳು ವರ್ಷ ತೂಗಿದ್ದು ನಾನು. ಹೆಂಗಸು ಕೆಟ್ಟವರಲ್ಲ. ಹಿಂಬಾಗಿಲಿಗೆ ಬಂದರೆ ನನ್ನ ಮಕ್ಕಳ ಓದಿನಿಂದ ಹಿಡಿದು ನನ್ನ ಮಂಡಿನೋವಿನವರೆಗೂ ವಿಚಾರಿಸಿ, ಒಂದು ಚೊಂಬು ಮಜ್ಜಿಗೆ ಕೊಟ್ಟು ಹೋಗುವರು. ಅದೇ ಮುಂದಿನ ಬೀದಿಯಲ್ಲಿ ಎದುರಾದರೆ ಗುರುತೇ ಇಲ್ಲದವರ ಹಾಗೆ ಮುಖ ತಿರುವಿಕೊಂಡು ಹೋಗುವರು.

ಹೀಗಿರುವಾಗ ಜಿಲ್ಲಾ ಕಚೇರಿಯಿಂದ ಪ್ರಕಾಶ್ ಸಾಹೇಬರು ಬಂದರು. ನಮ್ಮ ಮೇಲ್ವಿಚಾರಕರು, ಕಟ್ಟುನಿಟ್ಟಿನ ಮನುಷ್ಯ, ಆದರೆ ಅನ್ಯಾಯದವರಲ್ಲ. ಸಣ್ಣ ಶಾಖೆಗಳನ್ನು ಮುಚ್ಚುವ ತೀರ್ಮಾನ ಆಗಿದೆ ಎಂದರು. ಉಳಿಯಬೇಕಾದರೆ ಒಂದೇ ದಾರಿ. ಖಾಯಂ ಗಿರಾಕಿಗಳೆಂದು ನೂರು ಮನೆಯವರು ರಿಜಿಸ್ಟರಿನಲ್ಲಿ ಹೆಸರು ಬರೆಸಿ ಸಹಿ ಹಾಕಬೇಕು, ಆ ಪಟ್ಟಿಯನ್ನು ಅಂಗಡಿಯ ಗೋಡೆಗೆ ಅಂಟಿಸಬೇಕು. ಎರಡು ತಿಂಗಳು ಗಡುವು.

ಕೂಲಿಯವರು, ಆಟೋದವರು, ಅಂಗನವಾಡಿ ಟೀಚರು, ಎಲ್ಲ ಒಂದೇ ವಾರದಲ್ಲಿ ಬರೆಸಿದರು. ಅರವತ್ತೆರಡು ಹೆಸರಿಗೆ ನಿಂತಿತು. ಅರವತ್ತಮೂರನೆಯದಕ್ಕೆ ಜಗ್ಗಲಿಲ್ಲ. ಸವಿತಾಳೂ ನಾನೂ ಮನೆಮನೆ ತಿರುಗಿದೆವು. ಕಾಫಿ ಕೊಟ್ಟರು, ಮಂಡಕ್ಕಿ ಕೊಟ್ಟರು, ಹೆಸರು ಮಾತ್ರ ಕೊಡಲಿಲ್ಲ. ಸಾಮಾನು ಒಯ್ತೀವಲ್ಲವ್ವ, ಗೋಡೆ ಮೇಲೆ ಹೆಸರು ಯಾಕೆ ಎನ್ನುವರು. ಇನ್ನೂ ಒತ್ತಾಯ ಮಾಡಿದರೆ, ದೊಡ್ಡಮನೆಯವರು ಬರೆಸಲಿ ನೋಡೋಣ ಎನ್ನುವರು. ದೊಡ್ಡಮನೆಗೆ ಹೋಗಿ ಕೇಳುವ ಧೈರ್ಯ ನನಗಿರಲಿಲ್ಲ. ಹೆಡ್‌ಮಾಸ್ತರ ಹೆಂಡತಿಯ ನೆನಪು ಇನ್ನೂ ಹಸಿಯಾಗಿತ್ತು. ನಿಂಗಣ್ಣನಿಗೆ ಐವತ್ತೆಂಟು ವರ್ಷ, ಇನ್ನೊಂದು ಕಡೆ ಯಾರು ಕೆಲಸ ಕೊಡುತ್ತಾರೆ. ಅವನ ಮುಖ ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ.

ಗಡುವಿಗೆ ಹದಿನೈದು ದಿನ ಇರುವಾಗ ಹಿಂಬಾಗಿಲಲ್ಲಿ ಕೆಮ್ಮು ಕೇಳಿತು. ದೇವೀರಮ್ಮನವರು. ಕಿರಿಯ ಮಗಳ ಮದುವೆ ಗೊತ್ತಾಗಿತ್ತು. ಹುಡುಗನ ಕಡೆಯವರು ನಾಗಮಂಗಲದ ಕಡೆ ಬಿಂಡಿಗನವಿಲೆಯವರು, ಒಳ್ಳೆ ಕುಳ. ಮದುವೆ ಸಾಮಾನೆಲ್ಲ ನಮ್ಮಲ್ಲೇ ಬೇಕಂತೆ. ಬೇರೆ ಕಡೆ ಬೇಳೆ ನಂಬಿ ಅಣ್ಣನ ಮಗನ ಮದುವೆಯಲ್ಲಿ ಸಾರು ನೀರಾಗಿ ಮಾನ ಹೋಗಿತ್ತಂತೆ. ಆದರೆ ಮೂಟೆ ಮಾತ್ರ ಮೈಸೂರಿನ ಅಂಗಡಿಯ ಚೀಲದಲ್ಲಿ ಬರಬೇಕು. ಹಿಂದೆ ಮನೆಯಲ್ಲಿ ನಡೆದ ಮದುವೆಯ ಒಂಬತ್ತು ಚೀಲಗಳನ್ನು ಒಗೆದು, ಒಣಗಿಸಿ, ಮಡಿಸಿ ಜೊತೆಯಲ್ಲೇ ತಂದಿದ್ದರು.

"ಬೀಗ್ರು ಭಾರಿ ಜೋರು ಕಣ್ ಜಯಮ್ಮ. ಸೊಸೈಟಿದು ಅಂತ ತಿಳಿದ್ರೆ ನನ್ ಮಗಳು ಅಲ್ಲಿ ತಲೆ ಎತ್ತಂಗಿಲ್ಲ. ನೀನೇ ಕಾಪಾಡಬೇಕು."

ಆ ಹೆಂಗಸಿನ ಕಣ್ಣಲ್ಲಿ ನಿಜವಾದ ಹೆದರಿಕೆಯಿತ್ತು. ಆಯ್ತು ಬಿಡಿ ಅಮ್ಮಾ ಎಂದೆ.

ಮರುದಿನ ಬೆಳಿಗ್ಗೆ ಆರಕ್ಕೆ ಬಂದು ನಾನೇ ತೂಗಿದೆ. ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ಉದ್ದು. ನಿಂಗಣ್ಣ ಚೀಲ ಹಿಡಿದ, ನಾನು ದಬ್ಬಣದಿಂದ ಹೊಲಿದೆ. ಟೆಂಪೋ ಹೊರಟಿತು. ಹೊರಟಿದ್ದು ದೊಡ್ಡಮನೆಗಲ್ಲ. ದೊಡ್ಡಮನೆ ನಮ್ಮ ಅಂಗಡಿಯಿಂದ ಕೂಗಳತೆ. ಟೆಂಪೋ ಊರಾಚೆ ಹೋಗಿ, ಮೈಸೂರು ದಿಕ್ಕಿನ ರಸ್ತೆ ಹಿಡಿದು, ಚಿನಕುರಳಿಯವರೆಗೂ ಹೋಗಿ, ಅಲ್ಲಿ ಡ್ರೈವರು ಇಡ್ಲಿ ತಿಂದು, ಚಕ್ರಕ್ಕೆ ಧೂಳು ಹತ್ತಿಸಿಕೊಂಡು ಹಾರನ್ನು ಹೊಡೆಯುತ್ತ ಊರೊಳಗೆ ಬರಬೇಕು. ದೇವೀರಮ್ಮನವರ ಏರ್ಪಾಡು ಹಾಗಿತ್ತು.

ಒಂಬತ್ತು ಗಂಟೆಗೆ ಅಂಗಡಿ ತೆರೆದು ಬೇರೆ ಯಾರಿಗೋ ಒಂದು ಮೂಟೆ ಕಟ್ಟಬೇಕಾಯಿತು. ಚೀಟಿಗೆ ಕೈ ಹಾಕಿದೆ. ಹಿಂದಿನ ದಿನ ಸಂಜೆ ಹತ್ತು ಚೀಟಿ ಬರೆದಿಟ್ಟಿದ್ದೆ. ಡಬ್ಬಿಯಲ್ಲಿ ಒಂದೇ ಇತ್ತು.

ಅಯ್ಯೋ ಶಿವನೇ, ಮೈಸೂರು ಚೀಲದ ಒಂಬತ್ತೂ ಮೂಟೆಯೊಳಗೆ 'ತೂಗಿದವರು: ಜಯಮ್ಮ, ಬೂಕನಕೆರೆ ಶಾಖೆ' ಎಂಬ ಚೀಟಿ ಹಾಕಿ ಹೊಲಿದುಬಿಟ್ಟಿದ್ದೇನೆ. ಚಿಕ್ಕಣ್ಣನವರು ಪಳಗಿಸಿದ ಕೈ ಮೋಸ ಮಾಡದೆ ತನ್ನ ಕೆಲಸ ಮಾಡಿತ್ತು. ಡ್ರೈವರಿಗೆ ಫೋನು ಮಾಡಿದೆ, ಎಲ್ಲಿದ್ದೀಯೋ ಎಂದೆ.

"ಊರೊಳಿಕ್ಕೆ ಬಂದ್ಬುಟ್ಟೆ ಕಣಕ್ಕ. ಅಮ್ಮೋರು ಟೆಂಪೋಗೆ ಆರತಿ ಎತ್ತಾವ್ರೆ, ಆಮೇಲ್ ಮಾಡು."

ನಮ್ಮ ಕಡೆ ಮದುವೆಯ ಬೇಳೆಕಾಳು ಬಂದರೆ ಊರ ಹೆಂಗಸರೆಲ್ಲ ತಮ್ಮ ತಮ್ಮ ಮೊರ ಹಿಡಿದು ಬಂದು, ಅಂಗಳದಲ್ಲಿ ಚಾಪೆ ಹಾಸಿ, ಸೋಬಾನೆ ಹೇಳುತ್ತ ಹಸನು ಮಾಡಿಕೊಡುತ್ತಾರೆ. ಯಾರೂ ಕರೆಸಿಕೊಳ್ಳುವುದಿಲ್ಲ, ಮೊರ ಇದ್ದವರಿಗೆಲ್ಲ ಜಾಗ ಉಂಟು. ದೊಡ್ಡಮನೆಯಲ್ಲಿ ಅವತ್ತು ಮಧ್ಯಾಹ್ನವೇ ಅದು. ನಾನು ಪಕ್ಕದ ಮನೆಯಲ್ಲಿ ಒಂದು ಮೊರ ಇಸಿದುಕೊಂಡೆ. ಸವಿತಾಳಿಗೆ ಅಂಗಡಿ ಒಪ್ಪಿಸಿ ಓಡಿದೆ.

ಮೂವತ್ತು ನಲವತ್ತು ಹೆಂಗಸರು. ಪಡಸಾಲೆಯ ಹತ್ತಿರ ಹೊಸ ಮುಖವೊಂದು, ಅಂಚು ದಪ್ಪನೆಯ ರೇಷ್ಮೆ ಸೀರೆ, ಕೈ ತುಂಬ ಬಳೆ. ಹುಡುಗನ ತಾಯಿ ಗೌರಮ್ಮನವರಂತೆ, ಹುಡುಗಿಯ ರವಿಕೆ ಅಳತೆ ತೆಗೆದುಕೊಂಡು ಹೋಗಲು ಬಂದವರು ಮೊರ ಹಿಡಿದು ಕೂತುಬಿಟ್ಟಿದ್ದಾರೆ. ನಾನು ಮೂಟೆಗಳ ಹತ್ತಿರವೇ ಹೋಗಿ ಕೂತೆ. ಬಿಚ್ಚುವ ಕೆಲಸ ನನಗೆ ಬಿಡಿ, ನಿಮ್ಮ ಕೈ ನೋಯುತ್ತದೆ ಎಂದೆ. ಒಂದೊಂದು ಮೂಟೆ ಬಿಚ್ಚಿದ ಕೂಡಲೇ ಬೇಳೆ ಹೇಗಿದೆ ನೋಡೋಣ ಎನ್ನುತ್ತ ಮೊಣಕೈವರೆಗೂ ಕೈ ಇಳಿಸುವುದು, ಚೀಟಿ ಹಿಡಿಯುವುದು, ಸೆರಗಿನೊಳಗೆ ತುರುಕುವುದು. ಒಬ್ಬಳು, ಈವಮ್ಮಂಗೇನು ಬೇಳೆ ಮೇಲೆ ಅಷ್ಟು ಪ್ರೀತಿ ಎಂದಳು. ದೇವೀರಮ್ಮನವರು ದೂರದಿಂದ ನನ್ನನ್ನು ಗುರಾಯಿಸುತ್ತಿದ್ದರು, ಇವಳಿಗೇನು ಇಲ್ಲಿ ಕೆಲಸ ಎಂಬ ಹಾಗೆ. ಎಂಟು ಚೀಟಿ ಸಿಕ್ಕಿತು. ಒಂಬತ್ತನೆಯದು ಹೆಸರುಬೇಳೆಯ ಮೂಟೆ. ನಾನು ಬಿಚ್ಚುವುದರೊಳಗೆ ಯಾರೋ ಪಡಸಾಲೆಗೆ ಎಳೆದುಕೊಂಡು ಹೋಗಿ ಗೌರಮ್ಮನವರ ಮೊರಕ್ಕೇ ಸುರಿದರು.

ಚೀಟಿ ಮೊರದ ನಡುವೆ ಮೇಲ್ಮುಖವಾಗಿ ಬಿತ್ತು. ಗೌರಮ್ಮನವರು ಎತ್ತಿಕೊಂಡರು, ಬೆಳಕಿಗೆ ಹಿಡಿದರು, ಎಲ್ಲರಿಗೂ ಕೇಳುವ ಹಾಗೆ ಓದಿದರು. ತೂಗಿದವರು ಜಯಮ್ಮ, ಬೂಕನಕೆರೆ ಶಾಖೆ.

ಸೋಬಾನೆ ನಿಂತಿತು. ಮೊರಗಳು ನಿಂತವು. ದೇವೀರಮ್ಮನವರ ಮುಖದಲ್ಲಿ ರಕ್ತವೇ ಇರಲಿಲ್ಲ. ಮದುಮಗಳು ಬಾಗಿಲ ಹಿಂದೆ ಸರಿದಳು. ಮುಗಿಯಿತು, ಒಂದು ಮದುವೆಯನ್ನೂ ಒಂದು ಅಂಗಡಿಯನ್ನೂ ಒಟ್ಟಿಗೆ ಮುಳುಗಿಸಿದೆ ಎಂದುಕೊಂಡೆ. ಎದ್ದು ನಿಂತೆ. ಜಯಮ್ಮ ನಾನೇ ಕಣವ್ವ, ತಪ್ಪು ನನ್ನದು ಎಂದೆ.

ಗೌರಮ್ಮನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಚೀಟಿಯನ್ನು ಇನ್ನೊಂದು ಸಲ ನೋಡಿದರು. ತುಟಿ ಅದುರಿತು. ಆಮೇಲೆ ಆ ಹೆಂಗಸು ನಗಲು ಶುರುಮಾಡಿದವರು ಮೊರ ಕೆಳಗಿಡುವವರೆಗೂ ನಿಲ್ಲಿಸಲಿಲ್ಲ.

"ನಮ್ಮನೇ ಮೂಟೇಲಿ ಸಿವಮ್ಮ ಅಂತ ಇರ್ತದೆ ಕಣವ್ವ. ನಾಗಮಂಗ್ಲದ ಸೊಸೈಟೀಲಿ ತೂಗ್ತಾಳೆ. ಊರಿಗೆಲ್ಲ ಬೆಂಗ್ಳೂರು ಬೇಳೆ ಅಂತ ಹೇಳ್ಕಂಡು ಇಪ್ಪತ್ ವರ್ಸ ಆಯ್ತು. ಚೀಟಿ ಆರಿಸಿ ಆರಿಸಿ ಒಲೆಗೆ ಹಾಕಿ ಸಾಕಾಗ್ಯದೆ ನಂಗೆ."

ಅಂಗಳವೆಲ್ಲ ನಕ್ಕಿತು. ನಕ್ಕವರಲ್ಲಿ ಅರ್ಧ ಜನ ತಾವೂ ಒಲೆಗೆ ಚೀಟಿ ಹಾಕಿದವರೇ. ದೇವೀರಮ್ಮನವರು ಕಂಬ ಹಿಡಿದು ಕೂತು, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ, ಕೂಗಳತೆ ದೂರದ ಬೇಳೆಗೆ ಚಿನಕುರಳಿ ಸುತ್ತಿಸಿ ಆರತಿ ಬೇರೆ ಎತ್ತಿದೆನಲ್ಲವ್ವ ಎಂದರು. ಇಬ್ಬರು ಬೀಗಿತಿಯರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಕ್ಕರು. ನಾನು ಸೆರಗಿನಿಂದ ಎಂಟು ಚೀಟಿ ತೆಗೆದು ಕೊಟ್ಟಾಗ ಇನ್ನೊಂದು ಸುತ್ತು ನಗು. ಅಷ್ಟು ಚೆನ್ನಾಗಿ ಹಸನಾದ ಬೇಳೆಯನ್ನು ನನ್ನ ಜೀವಮಾನದಲ್ಲಿ ನೋಡಿಲ್ಲ.

ಇನ್ನು ಅಂಗಡಿ ಉಳಿಯಿತು ಎಂದುಕೊಂಡೆ. ಅಷ್ಟು ಸುಲಭಕ್ಕೆ ಉಳಿಯಲಿಲ್ಲ. ಅಂಗಳದಲ್ಲಿ ನಗುವುದು ಬೇರೆ, ಗೋಡೆಗೆ ಹೆಸರು ಅಂಟಿಸುವುದು ಬೇರೆ. ಮದುವೆ ಜೋರಾಗಿ ಆಯಿತು, ಬೀಗರ ಊಟವೂ ಆಯಿತು, ರಿಜಿಸ್ಟರು ಅರವತ್ತೆರಡರಲ್ಲೇ ಇತ್ತು. ಗಡುವಿನ ದಿನ ಪ್ರಕಾಶ್ ಸಾಹೇಬರು ಬೆಳಿಗ್ಗೆಯೇ ಬಂದು, ಮುಚ್ಚುವ ಕಾಗದವನ್ನು ಮೇಜಿನ ಮೇಲಿಟ್ಟು, ಸಂಜೆಯವರೆಗೂ ಕಾಯುತ್ತೇನಮ್ಮ ಎಂದರು. ನಿಂಗಣ್ಣ ಖಾಲಿ ಚೀಲಗಳನ್ನು ಎಣಿಸಿ ಕಟ್ಟುತ್ತಿದ್ದ. ಸವಿತಾ ಅಳುತ್ತಿದ್ದಳು.

ಹನ್ನೊಂದರ ಹೊತ್ತಿಗೆ ಮುಂದಿನ ಬಾಗಿಲಲ್ಲಿ ನೆರಳು ಬಿತ್ತು. ದೇವೀರಮ್ಮನವರು. ಹಬ್ಬದ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟು ಬಂದಿದ್ದರು. ಕೆಮ್ಮಲಿಲ್ಲ. ಅವರ ಹಿಂದೆ ಬೀದಿಯಲ್ಲಿ ಅವರ ಕೇರಿಯ ಹೆಂಗಸರು, ಇವರೇನು ಮಾಡುತ್ತಾರೋ ನೋಡೋಣ ಎಂದು ನಿಂತಿದ್ದರು. ಬೆಂಚಿನ ಮೇಲೆ ಕೂತು, ಹೆಸರು ಬರ್ಕೊಳ್ಳವ್ವ ಎಂದರು. ದೊಡ್ಡಮನೆ ಎಂದು ಬರೆಯಲೇ ಎಂದು ಕೇಳಿದೆ. ಮನೇನಾ ಬೇಳೆ ತಿನ್ನೋದು, ದೇವೀರಮ್ಮ ಅಂತ ಬರಿ ಎಂದರು. ನಾನು ಪೆನ್ನು ಊರುವಷ್ಟರಲ್ಲಿ, ತಡಿ, ಇದರಲ್ಲಿ ಯಾರ್ಯಾರ ಹೆಸರದೆ ಓದು ನೋಡಾನ ಎಂದರು.

ಓದಿದೆ. ಒಂದರಿಂದ ಅರವತ್ತೆರಡು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ಕಣ್ಣು ತೆರೆದರು.

"ನಿನ್ನೆಸ್ರು ಎಲ್ಲವ್ವ ಜಯಮ್ಮ?"

ನಾನು ಪಾಂಡವಪುರದವಳು, ಈ ಊರಿನವಳಲ್ಲ ಎಂದು ಹೇಳಬಹುದಿತ್ತು. ಆದರೆ ಅಂಗನವಾಡಿ ಟೀಚರೂ ಕೆ.ಆರ್. ಪೇಟೆಯಿಂದ ಬರುವವರೇ, ಅವರ ಹೆಸರಿತ್ತು. ನಿಜ ಇಷ್ಟೇ. ಅಲ್ಲಿಯವರೆಗೆ ಇಪ್ಪತ್ತಮೂರು ವರ್ಷ ಸೊಸೈಟಿಯ ಬೇಳೆ ತೂಗಿದ್ದೆ, ಒಂದು ದಿನವೂ ನನ್ನ ಮನೆಗೆ ಒಯ್ದಿರಲಿಲ್ಲ. ಸಂಜೆ ಪಾಂಡವಪುರದಲ್ಲಿ ಬಸ್ಸಿಳಿದು, ಬಸ್ ಸ್ಟ್ಯಾಂಡ್ ಹತ್ತಿರದ ಗಾಜಿನ ಬಾಗಿಲಿನ ಅಂಗಡಿಗೆ ಹೋಗಿ, ಅವರ ಹೆಸರಿನ ಚೀಲ ಕಾಣುವ ಹಾಗೆ ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆಯುತ್ತಿದ್ದೆ. ಸೊಸೈಟಿಯಲ್ಲಿ ಪೊಟ್ಟಣ ಕಟ್ಟುವವಳು ಮನೆಗೂ ಸೊಸೈಟಿ ಸಾಮಾನೇ ತಂದರೆ ಅತ್ತೆ ಏನೆಂದುಕೊಂಡಾರು, ಬೀದಿಯವರು ಏನೆಂದುಕೊಂಡಾರು ಅಂತ. ಊರಿನ ಚೀಲಗಳನ್ನೆಲ್ಲ ನೋಡಿ ನೋಡಿ ನಕ್ಕವಳು ನನ್ನ ಕೈಯ ಚೀಲ ನೋಡಿರಲಿಲ್ಲ. ಇದನ್ನೆಲ್ಲ ಸಾಹೇಬರ ಮುಂದೆ, ಬೀದಿಯ ಹೆಂಗಸರ ಮುಂದೆ ಹೇಳಿಬಿಟ್ಟೆ. ಹೇಳುವಾಗ ಮುಖ ಸುಡುತ್ತಿತ್ತು.

ದೇವೀರಮ್ಮನವರು ಬಯ್ಯಲಿಲ್ಲ, ನಗಲೂ ಇಲ್ಲ. ರಿಜಿಸ್ಟರನ್ನು ನನ್ನ ಕಡೆಗೆ ತಿರುಗಿಸಿದರು.

"ನಿಂದು ಮೊದ್ಲು ಬರ್ಕೊ. ನಿನ್ನ ಕೆಳಗೆ ನಂದು ಬರಿ."

ಅರವತ್ತಮೂರು, ಜಯಮ್ಮ. ಅರವತ್ತನಾಲ್ಕು, ದೇವೀರಮ್ಮ. ಅವರು ಸಹಿ ಹಾಕುತ್ತಿರುವಾಗಲೇ ಬೀದಿಯ ಹೆಂಗಸರು ಒಳಗೆ ನುಗ್ಗಿದರು. ಮಧ್ಯಾಹ್ನ ಊಟದ ಹೊತ್ತಿಗೆ ನೂರು ದಾಟಿ ಗೆರೆ ಮುಗಿದು, ಸವಿತಾ ಸ್ಕೇಲು ಹಿಡಿದು ಹೊಸ ಗೆರೆ ಎಳೆಯುತ್ತಿದ್ದಳು. ಸಾಹೇಬರು ಮುಚ್ಚುವ ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು, ನನಗೂ ಎರಡು ಕೆಜಿ ತೊಗರಿಬೇಳೆ ಕೊಡಮ್ಮ ಎಂದರು. ಅಂಗಡಿ ಈಗಲೂ ಇದೆ. ನಿಂಗಣ್ಣ ಅಲ್ಲೇ ನಿವೃತ್ತನಾದ.

ಅವತ್ತು ಸಂಜೆ ನಾನು ಸೊಸೈಟಿಯ ಚೀಲದಲ್ಲೇ ಬೇಳೆ ಹಿಡಿದು ಬಸ್ಸಿಳಿದೆ. ಆ ಗಾಜಿನ ಬಾಗಿಲಿನ ಅಂಗಡಿಯ ಮುಂದೆಯೇ ಹಾದು, ಬೀದಿಯ ನಡುವೆಯೇ ನಡೆದು ಮನೆಗೆ ಹೋದೆ. ಸಾರು ಮಾಡಿದೆ. ಅತ್ತೆ ಉಂಡು, ಇನ್ನೊಂದು ಸೌಟು ಹಾಕಿಸಿಕೊಂಡು, ಯಾವಂಗಡಿ ಬೇಳೆ ಇದು ಎಂದು ಕೇಳಿದರು. ನಮ್ಮ ಸೊಸೈಟಿಯದು ಎಂದೆ. ಇಷ್ಟು ವರ್ಷ ಯಾಕೆ ತರಲಿಲ್ಲ ಎಂದರು. ನೀವೇನೆಂದುಕೊಳ್ಳುತ್ತೀರೋ ಅಂತ ಎಂದೆ. ಅತ್ತೆ ತಟ್ಟೆಯಿಂದ ಕೈ ಎತ್ತಿ ನನ್ನ ಮುಖ ನೋಡಿದರು.

"ನಾನು ಯಾವತ್ತಂದಿದ್ದೆ ಅಂಗೆ?"